ಹನ್ನೊಂದನೇ ತಾರೀಕಿನವರೆಗೆ

ಗಣಿಯ ದೀಪದ ಕೋಣೆಯಲ್ಲಿ ಇಪ್ಪತ್ತಾರು ವರ್ಷ ದುಡಿದ ಬಾಲ್ಜಾನ್‌ಗೆ ಆ ಇಪ್ಪತ್ತಾರು ವರ್ಷದಲ್ಲಿ ಯಾರೂ ಕೃತಜ್ಞತೆಯ ಒಂದು ಮಾತು ಹೇಳಿದ್ದಿಲ್ಲ. ಪಾಳಿಗೆ ಇಳಿಯುವ ಗಂಡಸರು ಕಿಂಡಿಯೊಳಗೆ ಕೈ ಚಾಚುತ್ತಿದ್ದರು, ಇವಳು ನಂಬರು ನೋಡಿ ತಲೆದೀಪ ಕೊಡುತ್ತಿದ್ದಳು. ಮೇಲೆ ಬಂದವರು ಮಸಿ ಮೆತ್ತಿದ ದೀಪವನ್ನು ಅದೇ ಕಿಂಡಿಯಲ್ಲಿ ತಳ್ಳಿ ಸ್ನಾನಕ್ಕೆ ಓಡುತ್ತಿದ್ದರು. ಹಾಗೆ ಕೈ ಚಾಚಿದವರಲ್ಲಿ ಒಬ್ಬ ತೆಮಿರ್ಬೆಕ್, ಸುರಂಗ ಕೊರೆಯುವವನು, ಮುಂದೆ ಅವಳ ಗಂಡನಾದವನು. ಆರು ತಿಂಗಳು ಅವನ ಕೈ ಮಾತ್ರ ನೋಡಿದ್ದೆ, ಮುಖ ನೋಡಿದ್ದು ಏಳನೇ ತಿಂಗಳಲ್ಲಿ ಎಂದು ಅವಳು ಹೇಳಿಕೊಂಡು ನಗುವುದಿತ್ತು.

ಇಬ್ಬರಿಗೂ ಪಿಂಚಣಿಯಾದ ಮೇಲೆ, ಕೊಸ್ತಾನಾಯ್‌ಗೆ ಮದುವೆಯಾಗಿ ಹೋಗಿದ್ದ ಮಗಳು ಮೆರುಯೆರ್ತ್ ಒಂದು ಬೇಸಿಗೆ ಬಂದವಳು ತಾಯಿಯ ಫೋನಿಗೆ ಅಕ್‌ಬೋತ ಎಂಬ ಆನ್‌ಲೈನ್ ಅಂಗಡಿಯನ್ನು ಹಾಕಿಕೊಟ್ಟಳು. ಬಾಲ್ಜಾನ್ ಮೊದಲು ತರಿಸಿದ್ದು ಒಂದು ಬಾಣಲೆ. ದುಡ್ಡು ಕಟ್ಟಿದ ಕೂಡಲೇ ಪರದೆಯ ಮೇಲೆ ಬಿಳಿಯ ಒಂಟೆಮರಿಯೊಂದು ಬಂದು ತಲೆ ಬಾಗಿಸಿ, ಅಕ್ಕ ಎಂದು ಕರೆದು ಹೇಳಿತು: "ಬಾಲ್ಜಾನ್ ಆಪಾ, ನಿಮ್ಮಂಥವರಿಂದಲೇ ನಾವು. ನಿಮಗೆ ಬೋನಸ್ ಸೇರಿದೆ." ಅವಳು ಅದನ್ನು ಗಂಡನಿಗೆ ತೋರಿಸಿದಳು. "ಒಂಟೆಮರಿ ನಮಸ್ಕಾರ ಮಾಡಿದ್ರೆ ಹುಷಾರಾಗಿರ್ಬೇಕು, ಹಿಂದೆ ಒಂಟೆ ಇರುತ್ತೆ" ಎಂದು ಅವನು ನಕ್ಕ. ನಕ್ಕರೆ ಕೆಮ್ಮು ಬರುತ್ತಿತ್ತು, ಆದ್ದರಿಂದ ಅವನು ಆಗಲೇ ಅಳತೆ ಮಾಡಿ ನಗುವುದನ್ನು ಕಲಿತಿದ್ದ.

ಎರಡು ವರ್ಷದಲ್ಲಿ ಬಾಲ್ಜಾನ್ ಆ ಅಂಗಡಿಯ ಬೆಳ್ಳಿ ಬಳಗಕ್ಕೆ ಸೇರಿದಳು. ಸಾಬೂನು, ಕಾಲುಚೀಲ, ಚಹಾಪುಡಿ, ಎಲ್ಲವೂ ಅಲ್ಲಿಂದಲೇ. ಎದುರಿನ ಅಂಗಡಿಯಲ್ಲಿ ಅದೇ ಚಹಾಪುಡಿ ಅದೇ ಬೆಲೆಗೆ ಸಿಗುತ್ತಿತ್ತು, ಆದರೆ ಎದುರಿನ ಅಂಗಡಿಯವಳು ಏನನ್ನೂ ಹಿಂದಿರುಗಿಸುತ್ತಿರಲಿಲ್ಲ, ನಗುಮುಖವನ್ನೂ ತೋರಿಸುತ್ತಿರಲಿಲ್ಲ. ಇದರಲ್ಲಿ ಕೊಂಡಷ್ಟೂ ಸ್ವಲ್ಪ ಮರಳಿ ಬರುತ್ತದೆ. ಮರಳಿ ಬಂದದ್ದರಿಂದ ಮತ್ತೊಂದು. ತಾನು ಜಾಣ ಎಂದು ಮನುಷ್ಯನಿಗೆ ಅನ್ನಿಸುವುದಕ್ಕಿಂತ ದೊಡ್ಡ ಸುಖ ಬಡವರ ಮನೆಯಲ್ಲಿ ಹೆಚ್ಚೇನೂ ಇರುವುದಿಲ್ಲ.

ಆ ವರ್ಷ ಅಕ್ಟೋಬರ್‌ನಲ್ಲಿ ತೆಮಿರ್ಬೆಕ್ ಎರಡನೇ ಮಹಡಿಯ ತಮ್ಮ ಮನೆಗೆ ಹತ್ತುವಾಗ ಎರಡು ಸಲ ಕೂರಬೇಕಾಯಿತು. ಆಸ್ಪತ್ರೆಯ ಡಾಕ್ಟರಮ್ಮ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿದಳು.

"ಸರ್ಕಾರದ್ದು ಬರುತ್ತೆ, ಹೆಸರು ಬರೆಸಿ. ಆದ್ರೆ ಅದನ್ನ ನಂಬ್ಕೊಂಡು ಕೂರಬೇಡಿ. ನೆಲ ಹೆಪ್ಪುಗಟ್ಟೋದ್ರೊಳಗೆ ಮನೇಲಿ ಆಕ್ಸಿಜನ್ ಮಶೀನು ಇರ್ಲಿ" ಎಂದಳು.

ಅಷ್ಟು ದುಡ್ಡಿಗೆ ಒಂದೇ ದಾರಿಯಿತ್ತು. ಚಳಿಗಾಲದ ಮಾಂಸಕ್ಕೆಂದು ತೆಮಿರ್ಬೆಕ್‌ನ ಚಿಕ್ಕಪ್ಪನ ಮಗನ ಹಟ್ಟಿಯಲ್ಲಿ ಇವರದೊಂದು ಕಂದುಬಣ್ಣದ ಹೆಣ್ಣುಕುದುರೆ ಕೊಬ್ಬುತ್ತಿತ್ತು. ಅದನ್ನು ಮಾರಿದರು. "ಈ ಸಲ ಕುದುರೆ ತಿನ್ನೋದು ಬೇಡ, ಉಸಿರಾಡೋಣ" ಎಂದ ತೆಮಿರ್ಬೆಕ್. ದುಡ್ಡು ಬಾಲ್ಜಾನ್‌ಳ ಕಾರ್ಡಿಗೆ ಬಂತು, ಇಪ್ಪತ್ತನಾಲ್ಕನೇ ತಾರೀಕು.

ಅವತ್ತು ಮಧ್ಯಾಹ್ನವೇ ಅವಳು ಅಡುಗೆಮನೆಯ ಮೇಜಿಗೆ ಕೂತು ಮಶೀನನ್ನು ಹುಡುಕಿದಳು, ಬುಟ್ಟಿಗೆ ಹಾಕಿದಳು. ಇನ್ನೇನು ಬೆರಳು ಒತ್ತಬೇಕು, ಅಷ್ಟರಲ್ಲಿ ಒಂಟೆಮರಿ ಬಂತು. ನವೆಂಬರ್ ಹನ್ನೊಂದಕ್ಕೆ ಚಿನ್ನದ ಬಳಗದವರಿಗೆ ದುಪ್ಪಟ್ಟು ಬೋನಸ್. ನೀವು ಚಿನ್ನಕ್ಕೆ ತುಂಬ ಹತ್ತಿರ ಇದ್ದೀರಿ, ಆಪಾ. ಈ ತಿಂಗಳೊಳಗೆ ಇನ್ನು ಕೆಲವೇ ಖರೀದಿ.

ಅವಳು ಬೆರಳು ಹಿಂದಕ್ಕೆ ತೆಗೆದಳು.

"ಯಜಮಾನ್ರೇ, ಒಂದು ಮಾತು ಕೇಳಿ."

"ಹೇಳು. ಕೇಳೋದಕ್ಕೆ ಉಸಿರು ಬೇಕಾಗಲ್ಲ."

"ಹದಿನೆಂಟು ದಿನ ತಡೆದು ತಗೊಂಡ್ರೆ ಐದರಲ್ಲಿ ಒಂದು ಪಾಲು ಬೋನಸ್ ಆಗಿ ವಾಪಸ್ ಬರುತ್ತಂತೆ. ಅದ್ರಲ್ಲಿ ಬ್ಯಾಟರಿ ತಗೋಬಹುದು. ಹೋದ ಜನವರೀಲಿ ಎರಡು ದಿನ ಕರೆಂಟೇ ಇರ್ಲಿಲ್ಲ, ನೆನಪಿದ್ಯಾ? ಕರೆಂಟ್ ಹೋದ್ರೆ ಮಶೀನು ಏನ್ ಮಾಡುತ್ತೆ?"

ತೆಮಿರ್ಬೆಕ್ ಫೋನನ್ನು ನೋಡಿದ, ಆಮೇಲೆ ಅವಳ ಮುಖ ನೋಡಿದ.

"ಮೂವತ್ತು ವರ್ಷದ ಧೂಳು ಒಳಗೆ ಕೂತಿದೆ. ಹದಿನೆಂಟು ದಿನಕ್ಕೆ ಎದ್ದು ಎಲ್ಲಿಗೂ ಹೋಗಲ್ಲ. ಕಾಯೋಣ ಬಿಡು."

ಬ್ಯಾಟರಿಯ ಮಾತು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಫೋನಿನ ಇಷ್ಟದ ಪಟ್ಟಿಯಲ್ಲಿ ಎರಡು ತಿಂಗಳಿಂದ ಒಂದು ಕೋಟು ಇತ್ತು. ನೇರಳೆ ಬಣ್ಣದ್ದು, ಕೊರಳಿಗೆ ನರಿಯ ತುಪ್ಪಳ ಹೊಲಿದದ್ದು. ಅವಳು ತೊಡುತ್ತಿದ್ದ ಕೋಟು ಮಗಳ ಮದುವೆಗೆ ಹೊಲಿಸಿದ್ದು, ಮೊಣಕೈಯಲ್ಲಿ ಹೊಳಪು ಬಂದು ಬಸ್ಸಿನ ಸೀಟಿನಂತಾಗಿತ್ತು. ಬ್ಯಾಟರಿಗೆ ಹೋಗಿ ಮಿಕ್ಕ ಬೋನಸ್ಸಿಗೆ ಸ್ವಲ್ಪ ಸೇರಿಸಿದರೆ ಅದು ಬರುತ್ತಿತ್ತು. ಗಂಡನಿಗೆ ಅದನ್ನು ಹೇಳಲಿಲ್ಲ. ಹೇಳಿದ್ದರೆ ಬೇಡ ಅನ್ನುವವನಲ್ಲ. ಅದೇ ಅವಳಿಗೆ ಹೇಳಲು ಬಾಯಿ ಬಾರದಂತೆ ಮಾಡಿದ್ದು.

ಚಿನ್ನ ಆಗಬೇಕಾದರೆ ತಿಂಗಳು ಮುಗಿಯುವುದರೊಳಗೆ ಇನ್ನಷ್ಟು ಕೊಳ್ಳಬೇಕು. ಮಶೀನಿನ ದುಡ್ಡು ಮುಟ್ಟುವಂತಿಲ್ಲ. ಬಾಲ್ಜಾನ್ ಕಟ್ಟಡದ ಬಾಗಿಲು ಬಾಗಿಲಿಗೆ ಹೋದಳು. ನಿಮಗೇನಾದರೂ ಬೇಕಿದ್ದರೆ ನನ್ನ ಫೋನಿನಿಂದ ತರಿಸುತ್ತೇನೆ, ದುಡ್ಡು ಮಾತ್ರ ನನ್ನ ಕೈಗೆ ಕೊಡಿ. ಒಬ್ಬಳು ಪರದೆ ಬಟ್ಟೆ ಎಂದಳು, ಇನ್ನೊಬ್ಬಳು ಮೊಮ್ಮಗನ ಬೂಟು ಎಂದಳು. ನಾಲ್ಕನೇ ಮಹಡಿಯ ಲಿದಿಯಾ ಕಾರ್ಲೊವ್ನಾ, ಗಣಿಯ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಜರ್ಮನ್ ಮುದುಕಿ, ಬಂಧುಬಳಗವೆಲ್ಲ ಜರ್ಮನಿಗೆ ಹೋದರೂ ಒಬ್ಬಳೇ ಉಳಿದವಳು, ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

"ಕೆಟಲ್ ಸೋರ್ತಾ ಇದೆ, ಒಂದು ತರಿಸು. ಅದಿರ್ಲಿ, ತೆಮಿರ್ಬೆಕ್‌ಗೆ ಮಶೀನು?"

"ಹನ್ನೊಂದನೇ ತಾರೀಕಿಗೆ ತಗೊಳ್ತೀವಿ."

"ಯಾಕೆ ಹನ್ನೊಂದು?"

ಬಾಲ್ಜಾನ್ ವಿವರಿಸಿದಳು. ಲಿದಿಯಾ ಕಾರ್ಲೊವ್ನಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

"ಕಾಯಿಲೆ ಕ್ಯಾಲೆಂಡರ್ ನೋಡ್ಕೊಂಡು ಬರಲ್ಲ, ಬಾಲ್ಜಾನ್" ಎಂದಷ್ಟೇ ಹೇಳಿ ಕೆಟಲ್ಲಿನ ದುಡ್ಡು ತರಲು ಒಳಗೆ ಹೋದಳು.

ಸಾಮಾನು ಬಂದು ಬೀಳುತ್ತಿದ್ದದ್ದು ಹಳೆಯ ಅಂಚೆ ಕಚೇರಿಯ ಪಕ್ಕದ ಚಿಕ್ಕ ಮಳಿಗೆಗೆ. ಅಲ್ಲಿ ಕೂರುವ ಅಯ್ಮಾನ್ ಎಂಬ ಹೆಂಗಸಿಗೆ ಬಾಲ್ಜಾನ್ ಆ ವಾರ ದಿನವೂ ಮುಖ ತೋರಿಸಿದಳು.

"ಆಪಾ, ನೀವು ಹಿಂಗೇ ಮಾಡ್ತಾ ಇದ್ರೆ ನನ್ನ ಕುರ್ಚಿ ನಿಮಗೇ ಕೊಟ್ಬಿಡ್ತೀನಿ" ಎಂದು ಅಯ್ಮಾನ್ ಪೊಟ್ಟಣಗಳನ್ನು ಎಣಿಸಿ ಕೊಟ್ಟಳು. ಬಾಲ್ಜಾನ್ ಎರಡೂ ಕೈಗೆ ಚೀಲ ಸಿಕ್ಕಿಸಿಕೊಂಡು, ಇಪ್ಪತ್ತು ವರ್ಷ ಚಿಕ್ಕವಳಾದಂತೆ ಮನೆಗೆ ಬಂದಳು.

ಮೂವತ್ತೊಂದನೇ ತಾರೀಕು ಸಂಜೆ ಒಂಟೆಮರಿಯ ಕೊರಳಿಗೆ ಚಿನ್ನದ ಗಂಟೆ ಬಂತು. ಅವಳು ಬೌರ್ಸಾಕ್ ಎಂಬ ಹಿಟ್ಟಿನ ಉಂಡೆ ಕರಿದಳು, ಹಾಲು ಹಾಕಿ ಚಹಾ ಮಾಡಿದಳು. "ಇಷ್ಟು ವರ್ಷಕ್ಕೆ ನಾನೂ ಚಿನ್ನದಂಥ ಹೆಂಡ್ತಿ ಗಂಡ ಆದೆ" ಎಂದ ತೆಮಿರ್ಬೆಕ್. ಒಂದೇ ಬೌರ್ಸಾಕ್ ತಿಂದ. ಅಗಿಯುವುದೂ ಉಸಿರಾಡುವುದೂ ಎರಡನ್ನೂ ಒಟ್ಟಿಗೆ ಮಾಡಲು ಅವನಿಗೆ ಕಷ್ಟವಾಗುತ್ತಿತ್ತು. ಅವಳು ಅದನ್ನು ಕಂಡಳು. ಇನ್ನು ಹನ್ನೊಂದೇ ದಿನ ಎಂದುಕೊಂಡಳು.

ನವೆಂಬರ್ ಐದಕ್ಕೆ ಚಳಿ ಇಳಿಯಿತು. ಗಾಳಿ ಬೀಸಲಿಲ್ಲ. ಊರಿನ ಒಲೆಗಳ ಕಲ್ಲಿದ್ದಲ ಹೊಗೆ ಮೇಲೇರದೆ ಮನೆಗಳ ಎದೆಮಟ್ಟದಲ್ಲೇ ಕೂತಿತು. ತೆಮಿರ್ಬೆಕ್‌ಗೆ ಮಲಗಲು ಆಗಲಿಲ್ಲ. ಮೇಜಿನ ಮೇಲೆ ದಿಂಬಿಟ್ಟು, ಅದರ ಮೇಲೆ ಮೊಣಕೈಯೂರಿ, ತಲೆ ತಗ್ಗಿಸಿ ಕೂತ. ಮರುದಿನ ಬೆಳಿಗ್ಗೆ ಅವನ ಉಗುರುಗಳು ನೀಲಿಯಾಗಿದ್ದವು. ಬಾಲ್ಜಾನ್ ಲಿದಿಯಾ ಕಾರ್ಲೊವ್ನಾಳನ್ನು ಕರೆತಂದಳು.

ಮುದುಕಿ ಔಷಧಿ ಅಂಗಡಿಯಿಂದ ಆಮ್ಲಜನಕ ತುಂಬಿಸಿದ ರಬ್ಬರಿನ ಚೀಲ ತಂದು ಅವನ ಬಾಯಿಗೆ ಹಿಡಿದಳು. ಅದು ಖಾಲಿಯಾಗುವವರೆಗೆ ಹಿಡಿದೇ ಇದ್ದಳು. ಆಮೇಲೆ ಅವಳು ಬಾಲ್ಜಾನ್‌ಳ ಕಡೆ ತಿರುಗಿದಳು.

"ಕರಗಾಂದದಲ್ಲಿ ಅಂಗಡಿ ಇದೆ, ಫೋನ್ ಮಾಡಿ ಕೇಳಿದೀನಿ. ಮಶೀನಿದೆ, ಅದೇ ಬೆಲೆ. ಕೆಳಗಿನ ಮನೆ ಪಾವೆಲ್ ಕಾರು ತೆಗೀತಾನೆ. ಸಾಯಂಕಾಲದೊಳಗೆ ಇಲ್ಲಿರುತ್ತೆ. ಕಾರ್ಡ್ ಕೊಡು."

ಬಾಲ್ಜಾನ್ ಏಪ್ರನ್ನಿಗೆ ಕೈ ಒರೆಸಿಕೊಂಡಳು. ಒದ್ದೆಯಿರಲಿಲ್ಲ, ಆದರೂ ಒರೆಸಿಕೊಂಡಳು.

"ಇನ್ನು ಐದೇ ದಿನ, ಲಿದಿಯಾ ಕಾರ್ಲೊವ್ನಾ."

"ಐದು ದಿನ ಏನು?"

"ಕಟ್ಟಡದವರೆಲ್ಲ ಸೇರಿ ಚಿನ್ನ ಮಾಡಿಸಿದೀರ. ಈಗ ಬೇರೆ ಕಡೆ ತಗೊಂಡ್ರೆ ಅಷ್ಟೂ ನೀರಲ್ಲಿ ಹೋಮ."

"ನನ್ನ ಕೆಟಲ್ ಚಿಂತೆ ಬಿಡು. ಅವನ ಉಗುರು ನೋಡಿದ್ಯಾ?"

ತೆಮಿರ್ಬೆಕ್ ದಿಂಬಿನಿಂದ ತಲೆಯೆತ್ತಿದ. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಂಡು ಹೇಳಿದ.

"ಬಿಡಿ ಅವಳನ್ನ. ಹನ್ನೊಂದಕ್ಕೆ ಅಂತ ಆಗಿದೆ. ಹನ್ನೊಂದಕ್ಕೇ ಆಗ್ಲಿ."

"ನಿಂಗೆ ಬುದ್ಧಿ ನೆಟ್ಟಗಿದ್ಯಾ?"

"ಬುದ್ಧಿ ನೆಟ್ಟಗಿದೆ. ಶ್ವಾಸಕೋಶ ಒಂದೇ ಸೊಟ್ಟ."

ಲಿದಿಯಾ ಕಾರ್ಲೊವ್ನಾ ಖಾಲಿ ಚೀಲವನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಬಾಗಿಲು ಮುಚ್ಚಿತು. ಬಾಲ್ಜಾನ್‌ಗೆ ಎದೆ ಹಗುರವಾಯಿತು. ಗಂಡನೇ ಹೇಳಿದ್ದಾನೆ, ತಾನಲ್ಲ. ಆ ಹೊತ್ತಿನಲ್ಲಿ ಹಾಗೆ ಹಗುರವಾದದ್ದನ್ನು ಅವಳಿಗೆ ಮುಂದೆ ಯಾವತ್ತೂ ಮರೆಯಲಾಗಲಿಲ್ಲ.

ಆ ಐದು ದಿನ ಅವಳು ದಿನಕ್ಕೆ ಮೂರು ಸಲ ಚೀಲ ತುಂಬಿಸಿಕೊಂಡು ಬಂದಳು. ಹಿಮದಲ್ಲಿ ಜಾರಿ ಒಮ್ಮೆ ಬಿದ್ದಳು, ಚೀಲವನ್ನು ಮಾತ್ರ ನೆಲಕ್ಕೆ ತಾಗಿಸಲಿಲ್ಲ. ಅವನಿಗೆ ಚಮಚದಲ್ಲಿ ಸಾರು ಕುಡಿಸಿದಳು, ಬೆನ್ನು ತಿಕ್ಕಿದಳು. ಅವಳು ಗಂಡನನ್ನು ಪ್ರೀತಿಸಲಿಲ್ಲ ಎಂದು ಯಾರಾದರೂ ಅಂದರೆ ಆ ಕಟ್ಟಡದಲ್ಲಿ ಒಬ್ಬರೂ ಒಪ್ಪುತ್ತಿರಲಿಲ್ಲ.

ಹನ್ನೊಂದನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಮಾರಾಟ ತೆರೆಯಿತು. ಹತ್ತು ಗಂಟೆ ಎರಡು ನಿಮಿಷಕ್ಕೆ ಅವಳು ಒತ್ತಿದಳು. ಒಂಟೆಮರಿ ಗಂಟೆ ಅಲ್ಲಾಡಿಸಿ ಕುಣಿಯಿತು. ನಾಲ್ಕು ದಿನದಲ್ಲಿ ಸಾಮಾನು, ಅದು ತಲುಪಿ ಹದಿನಾಲ್ಕು ದಿನಕ್ಕೆ ಬೋನಸ್.

ಹನ್ನೆರಡಕ್ಕೆ ಹಿಮದ ಬಿರುಗಾಳಿ ಎದ್ದಿತು. ಬಯಲ ರಸ್ತೆಗಳನ್ನು ಮುಚ್ಚಿದರು. ಫೋನಿನಲ್ಲಿ ಸಾಮಾನಿನ ಹಾದಿ ತೋರಿಸುವ ಹಸಿರು ಚುಕ್ಕೆ ಬಾಲ್ಖಾಶ್ ಸರೋವರದ ಆಚೆ ಒಂದು ಕಡೆ ನಿಂತುಬಿಟ್ಟಿತು. ಬಾಲ್ಜಾನ್ ಒಲೆಯ ಮೇಲೆ ಇಟ್ಟ ಹಾಲನ್ನು ನೋಡುವಂತೆ ಅದನ್ನೇ ನೋಡುತ್ತ ಕೂತಳು. ಈಗ ಕರಗಾಂದಕ್ಕೆ ಪಾವೆಲ್‌ನ ಕಾರೂ ಹೋಗುವಂತಿರಲಿಲ್ಲ. ಹದಿನಾಲ್ಕರ ಮಧ್ಯಾಹ್ನ ತೆಮಿರ್ಬೆಕ್ ಅವಳ ಹೆಸರು ಹಿಡಿದು ಕರೆಯಲು ಹೋಗಿ ಕರೆಯಲಾರದೆ ಮೇಜಿನ ಮೇಲೆ ಬಟ್ಟಲನ್ನು ಕುಟ್ಟಿದ. ಹಿಮ ತೆಗೆಯುವ ಯಂತ್ರದ ಹಿಂದೆ ಹಿಂದೆ ಆಂಬುಲೆನ್ಸ್ ಬಂತು, ಎರಡು ಗಂಟೆ ತಡವಾಗಿ.

ಕರಗಾಂದದ ಆಸ್ಪತ್ರೆಯಲ್ಲಿ ಅವನ ಮೂಗಿಗೆ ನಳಿಕೆ ಇಟ್ಟರು. ಒಂದು ದಿನ ಸ್ವಲ್ಪ ಬಣ್ಣ ಬಂತು. ಹದಿನೈದರ ಸಂಜೆ ಅವಳು ಹಾಸಿಗೆಯ ಪಕ್ಕ ಕೂತಿದ್ದಾಗ ಅವನು ಕಣ್ಣು ತೆರೆದ.

"ಬಂತಾ?"

"ದಾರೀಲಿದೆ. ರಸ್ತೆ ತೆಗೀತಾರಂತೆ."

ಅವನು ತಲೆಯಾಡಿಸಿದ. ಮುಖ ಅವಳ ಕಡೆ ತಿರುಗಿಸಿ,

"ಕೋಟು ಈಗ್ಲೇ ತರಿಸೋಕೆ ಹೇಳ್ಬಿಡು. ನಿನ್ನ ಅಳತೇದು ಖಾಲಿಯಾಗುತ್ತೆ" ಎಂದ.

"ಯಾವ ಕೋಟು?"

"ನೇರಳೆದು." ಉಸಿರು ಕೂಡಿಸಿಕೊಂಡ. "ಫೋನು ಮೇಜಿನ ಮೇಲೆ ಬಿಟ್ಟು ಹೋಗ್ತೀಯ. ನಾನು ದಿನವೆಲ್ಲ ಅಲ್ಲೇ ಕೂತಿರ್ತೀನಿ. ಚೆನ್ನಾಗಿದೆ. ನಿಂಗೆ ಒಪ್ಪುತ್ತೆ."

ಅವಳು ಅವನ ಹೊದಿಕೆಯನ್ನು ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು. ಮರುದಿನ ಬೆಳಗಿನ ಚಹಾ ಹಂಚುವ ಹೊತ್ತಿಗೆ ತೆಮಿರ್ಬೆಕ್ ತೀರಿಕೊಂಡ.

ನೆಲ ಕಲ್ಲಾಗಿತ್ತು. ಗಣಿಯ ಹಳೆಯ ಜೊತೆಗಾರರು ಗೋರಿಯ ಜಾಗದಲ್ಲಿ ಒಂದು ರಾತ್ರಿಯೆಲ್ಲ ಟೈರು ಸುಟ್ಟು ನೆಲ ಮೆತ್ತಗೆ ಮಾಡಿ, ಸರದಿಯ ಮೇಲೆ ಅಗೆದರು. ಅವರಲ್ಲಿ ಇಬ್ಬರಿಗೆ ಅದೇ ಕೆಮ್ಮಿತ್ತು. ಮೆರುಯೆರ್ತ್ ರೈಲಿನಲ್ಲಿ ಬಂದು ಅಪ್ಪನ ಮುಖ ಕಂಡದ್ದು ಶವ ಹೊರಡಿಸುವುದಕ್ಕೆ ಅರ್ಧ ಗಂಟೆ ಮೊದಲು.

ಹತ್ತೊಂಬತ್ತನೇ ತಾರೀಕು ಫೋನಿಗೆ ಸಂದೇಶ ಬಂತು: ಶುಭಸುದ್ದಿ, ಬಾಲ್ಜಾನ್ ಆಪಾ, ನಿಮ್ಮ ಸಾಮಾನು ಕಾಯುತ್ತಿದೆ. ಅವಳು ಹೋಗಲಿಲ್ಲ. ಮೂರನೇ ದಿನ ಅಯ್ಮಾನ್ ತಾನೇ ಪೆಟ್ಟಿಗೆಯನ್ನು ಮಕ್ಕಳ ಜಾರುಬಂಡಿಯ ಮೇಲೆ ಕಟ್ಟಿ ಎಳೆದುಕೊಂಡು ಬಂದು, ಎರಡು ಮಹಡಿ ಹೊತ್ತು ತಂದಳು.

"ವಾಪಸ್ ಕಳಿಸೋಣ ಅಂತ ಕೇಳ್ದೆ, ಆಪಾ. ರೋಗಿಗಳ ಸಾಮಾನು ವಾಪಸ್ ತಗೊಳ್ಳಲ್ವಂತೆ. ನಾನು ಎಷ್ಟು ಹೇಳಿದ್ರೂ ಕೇಳಲಿಲ್ಲ." ಬಾಗಿಲಲ್ಲಿ ನಿಂತೇ ಕಣ್ಣೊರೆಸಿಕೊಂಡಳು. "ಅವರ ನಂಬಿಕೆ, ಈಮಾನು, ಅವರ ಜೊತೆಗಿರ್ಲಿ."

ಪೆಟ್ಟಿಗೆ ನಡುಮನೆಯ ಗೋಡೆಗೆ ಒರಗಿ ಹತ್ತು ದಿನ ಇತ್ತು. ಆಮೇಲೆ ಎದುರು ಕಟ್ಟಡದ ಕುದೈಬೆರ್ಗೆನ್‌ನ ಹೆಂಡತಿ ಬಂದು ಮಾರುತ್ತೀರಾ ಎಂದು ಕೇಳಿದಳು. ಅವಳ ಗಂಡ ಗೋರಿ ಅಗೆದವರಲ್ಲಿ ಒಬ್ಬ. ಬಾಲ್ಜಾನ್ ದುಡ್ಡು ಬೇಡ ಎಂದಳು. ಆ ಹೆಂಗಸು ಅವಳ ಕೈ ಹಿಡಿದು ಹರಸುತ್ತಲೇ ಇದ್ದಳು. ಅದನ್ನು ಕೇಳಲಾಗದೆ ಬಾಲ್ಜಾನ್, "ಇವತ್ತೇ ತಗೊಂಡು ಹೋಗಮ್ಮ, ಇವತ್ತೇ ಹಾಕು, ನಾಳೆ ಅನ್ಬೇಡ" ಎಂದಳು.

ಡಿಸೆಂಬರ್‌ನ ಮೊದಲ ವಾರದಲ್ಲಿ ಬೋನಸ್ ಬಂದು ಸೇರಿತು. ವರ್ಷದ ಕೊನೆಯೊಳಗೆ ಖರ್ಚು ಮಾಡಬೇಕು, ಇಲ್ಲದಿದ್ದರೆ ಹೋಗುತ್ತದೆ ಎಂದು ಒಂಟೆಮರಿ ಎರಡು ದಿನಕ್ಕೊಮ್ಮೆ ನೆನಪಿಸಿತು. ಬಾಲ್ಜಾನ್ ಫೋನನ್ನು ಹಿಟ್ಟಿನ ಡಬ್ಬದ ಹಿಂದೆ ಇಡತೊಡಗಿದಳು.

ನಲವತ್ತನೇ ದಿನದ ಊಟಕ್ಕೆ ಮೆರುಯೆರ್ತ್ ಒಂದು ವಾರ ಮೊದಲೇ ಬಂದಳು. ಬಂದವರಿಗೆ ಸತ್ತವರ ಹೆಸರಿನಲ್ಲಿ ಬಟ್ಟೆ ಕೊಡಬೇಕು. ಟವೆಲ್ ಕೊಡೋಣ ಎಂದು ನಿರ್ಧಾರವಾಯಿತು. ಮಗಳು ಹಿಟ್ಟು ತೆಗೆಯಲು ಹೋಗಿ ಫೋನನ್ನು ಕಂಡಳು, ಬೆಲೆ ನೋಡೋಣವೆಂದು ತೆರೆದಳು.

"ಅಮ್ಮ, ಇಷ್ಟೊಂದು ಬೋನಸ್ ಇದೆಯಲ್ಲ. ಎಲ್ಲಿಂದ ಬಂತು?"

ಸುಳ್ಳು ಹೇಳುವುದು ಸುಲಭವಿತ್ತು. ಅಕ್ಕಪಕ್ಕದವರಿಗೆ ಸಾಮಾನು ತರಿಸಿದ್ದು ಎಂದರೆ ಸಾಕಿತ್ತು. ಬಾಲ್ಜಾನ್ ಚಾಕು ಕೆಳಗಿಟ್ಟು, ಕೈಗೆ ಅಂಟಿದ ಹಿಟ್ಟನ್ನು ಕೆರೆಯುತ್ತ ಎಲ್ಲವನ್ನೂ ಹೇಳಿದಳು. ಇಪ್ಪತ್ತನಾಲ್ಕನೇ ತಾರೀಕಿನದು, ಚಿನ್ನದ ಗಂಟೆಯದು, ಲಿದಿಯಾ ಕಾರ್ಲೊವ್ನಾ ಕಾರ್ಡ್ ಕೇಳಿದ್ದು, ತಾನು ಕೊಡದೆ ಇದ್ದದ್ದು. ಕೋಟನ್ನೂ ಬಿಡಲಿಲ್ಲ.

ಬಾಣಲೆಯಲ್ಲಿ ಎಣ್ಣೆ ಹೊಗೆಯಾಡಿತು, ಮೆರುಯೆರ್ತ್ ಎದ್ದು ಒಲೆ ಆರಿಸಿದಳು.

"ಅಪ್ಪಂಗೆ ಕೋಟಿನ ವಿಷಯ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಕಾಯೋಣ ಅಂದ್ರಾ?"

"ಅಂದ್ರು."

"ನೀನು ಕೇಳಿದ್ದಕ್ಕೆ ಅಂದ್ರು."

ಬಾಲ್ಜಾನ್ ಹೌದು ಎಂದಳು. ಮಗಳು ಬಾಲ್ಕನಿಗೆ ಹೋಗಿ ಕೋಟಿಲ್ಲದೆ ಆ ಚಳಿಯಲ್ಲಿ ನಿಂತಳು. ಒಳಗೆ ಬಂದಾಗ ತುಟಿ ಬಿಳಚಿಕೊಂಡಿತ್ತು. ಮೇಜಿಗೆ ಕೂತು, ಫೋನನ್ನು ಎಳೆದುಕೊಂಡು ಅರವತ್ತು ಟವೆಲ್ ಆರಿಸಿದಳು.

"ಮೆರುಯೆರ್ತ್, ಬೇಡ ಕಣೇ."

"ಬಿಟ್ರೆ ಅಂಗಡಿಯವ್ರಿಗೇ ಉಳಿಯುತ್ತೆ. ಅಪ್ಪನ ಹೆಸರಲ್ಲಾದ್ರೂ ಹೋಗ್ಲಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ವಾಸಿಯಿತ್ತು ಎಂದು ಬಾಲ್ಜಾನ್‌ಗೆ ಅನ್ನಿಸಿತು. ಮಗಳು ಇಷ್ಟದ ಪಟ್ಟಿಯನ್ನು ತೆರೆದು ನೇರಳೆ ಕೋಟನ್ನು ಒಂದು ಕ್ಷಣ ನೋಡಿ, ಅಳಿಸಿ, ಫೋನನ್ನು ತಾಯಿಯ ಕಡೆ ತಳ್ಳಿದಳು.

ನಲವತ್ತನೇ ದಿನ ಮನೆ ತುಂಬ ಜನ. ಮುಲ್ಲಾ ಓದಿದ, ಮಾಂಸ ಬಡಿಸಿದರು. ಹೋಗುವವರಿಗೆ ಬಾಲ್ಜಾನ್ ಬಾಗಿಲಲ್ಲಿ ನಿಂತು ಒಂದೊಂದೇ ಟವೆಲ್ ಕೊಟ್ಟಳು. ಅವರು ಅದನ್ನು ಹಣೆಗೆ ಮುಟ್ಟಿಸಿ, ಇದರ ಪುಣ್ಯ ತೆಮಿರ್ಬೆಕ್‌ಗೆ ಸೇರಲಿ ಎಂದು ಹರಸಿ ಇಳಿದು ಹೋದರು. ಕುದೈಬೆರ್ಗೆನ್ ಕೂಡ ಬಂದಿದ್ದ. ಮೆಟ್ಟಿಲನ್ನು ಒಂದೇ ಸಲ ಕೂತು ಹತ್ತಿದೆ ಎಂದು ಹೇಳಿಕೊಂಡ. ಕೊನೆಗೆ ಲಿದಿಯಾ ಕಾರ್ಲೊವ್ನಾ ಬಂದಳು. ಟವೆಲನ್ನು ತಿರುಗಿಸಿ ನೋಡಿದಳು. ಅಂಚಿನ ಚೀಟಿಯಲ್ಲಿ ಒಂಟೆಮರಿ ಇತ್ತು.

"ಆ ಬೋನಸ್ಸಿಂದಾ?"

"ಹೂಂ."

ಮುದುಕಿ ಚೀಟಿಯನ್ನು ಹಲ್ಲಿನಿಂದ ಕಚ್ಚಿ ಕಿತ್ತಳು. "ಟವೆಲ್ ಏನು ತಪ್ಪು ಮಾಡಿದೆ" ಎಂದು ಮಡಿಸಿ ಚೀಲಕ್ಕೆ ಹಾಕಿಕೊಂಡು, ಬಾಲ್ಜಾನ್‌ಳ ಮುಖ ನೋಡದೆ ಮೇಲೆ ಹತ್ತಿದಳು. ಆಮೇಲೂ ಅವಳು ಸಾರು ಮಾಡಿದಾಗ ಒಂದು ಬಟ್ಟಲು ಕಳಿಸುತ್ತಿದ್ದಳು. ಒಳಗೆ ಬಂದು ಕೂರುವುದನ್ನು ಮಾತ್ರ ಬಿಟ್ಟಳು.

ಎರಡು ದಿನ ಕಳೆದು ಬಾಲ್ಜಾನ್ ಮಗಳನ್ನು ರೈಲು ಹತ್ತಿಸಲು ಹೋದಳು. ಪ್ಲಾಟ್‌ಫಾರ್ಮಿನಲ್ಲಿ ಗಾಳಿ ಕೊರೆಯುತ್ತಿತ್ತು. ಮೆರುಯೆರ್ತ್ ತನ್ನ ಕೊರಳ ಉಣ್ಣೆಯ ಶಾಲು ತೆಗೆದು ತಾಯಿಗೆ ಸುತ್ತಿದಳು, ಗಂಟು ಸ್ವಲ್ಪ ಬಿಗಿಯಾಯಿತು.

"ನನ್ನ ಜೊತೆ ಬಾ ಅಂತ ಹೇಳ್ಬೇಕು ನಾನು" ಎಂದಳು.

"ಹೇಳ್ಬೇಡ. ಇಲ್ಲೇ ಇರ್ತೀನಿ."

"ಭಾನುವಾರ ಫೋನ್ ಮಾಡ್ತೀನಿ. ಬೇಸಿಗೇಲಿ ಬರ್ತೀನಿ."

ಪ್ರತಿ ಭಾನುವಾರ ಫೋನ್ ಬಂತು. ಮಾತ್ರೆ ತಗೊಂಡ್ಯಾ, ಪಿಂಚಣಿ ಬಂತಾ, ಅಲ್ಲಿ ಚಳಿ ಹೇಗಿದೆ ಎಂದು ಮಗಳು ಕೇಳುತ್ತಿದ್ದಳು, ಬಾಲ್ಜಾನ್ ಉತ್ತರ ಹೇಳುತ್ತಿದ್ದಳು. ಅಪ್ಪನ ಮಾತು ಇಬ್ಬರೂ ಎತ್ತಲಿಲ್ಲ. ಏಪ್ರಿಲ್‌ನಲ್ಲಿ ಹಿಮ ಕರಗಿ ಗೋರಿಯ ಮಣ್ಣು ಒಂದು ಕಡೆ ಕುಸಿಯಿತು, ಪಾವೆಲ್ ಹೋಗಿ ಸರಿಮಾಡಿ ಬಂದ. ಜೂನ್‌ನಲ್ಲಿ ಬೇಸಿಗೆ ಬಂತು, ಮೆರುಯೆರ್ತ್ ರಜೆ ಸಿಗಲಿಲ್ಲ ಎಂದಳು. ಆಗಸ್ಟ್‌ನಲ್ಲಿ ಏನೂ ಹೇಳಲಿಲ್ಲ, ಬಾಲ್ಜಾನ್ ಕೇಳಲೂ ಇಲ್ಲ.